ಅಡಿಕೆ ಲೆಕ್ಕದ ಪ್ರೋಗ್ರಾಮಿಗೆ ಮೂರು ಪ್ಯಾಕೇಜು: ಡೆಬಿಯನ್, ಫೆಡೋರಾ, ಆರ್ಚ್

ಸಿ ಭಾಷೆಯಲ್ಲಿ ನಾನೇ ಬರೆದ ಸಣ್ಣ ಪ್ರೋಗ್ರಾಂ ಇದು. ಯಾರ ಮನೆಯಿಂದ ಎಷ್ಟು ಮೂಟೆ ಬಂತು, ಅದರಲ್ಲಿ ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು, ಗೊರಬಲು ಎಷ್ಟು ಅಂತ ಅಡಿಕೆಯ ದರ್ಜೆವಾರು ಬರೆದಿಡುತ್ತದೆ. ಲೆಕ್ಕ ಇರುವುದು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನಲ್ಲಿ. ಬೆಳೆಗಾರರ ಹೆಸರನ್ನು ಕನ್ನಡದ ಅಕ್ಷರ ಕ್ರಮದಲ್ಲಿ ಜೋಡಿಸೋಕೆ ಐಸಿಯು ಎಂಬ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು ಬೇಕು. ಅಷ್ಟೇ.

ಆದರೆ ಇದನ್ನು ಬಳಸುವವರ ಕಂಪ್ಯೂಟರು ಒಂದೊಂದು ಥರ, ಎಲ್ಲದರಲ್ಲೂ ಲಿನಕ್ಸೇ, ಬಗೆ ಮಾತ್ರ ಬೇರೆ. ಶಿವಮೊಗ್ಗದ ಮಂಡಿಯೊಂದರಲ್ಲಿ ಹಳೇ 32 ಬಿಟ್ ಡೆಸ್ಕ್‌ಟಾಪ್ ಇದೆ, ಅದರಲ್ಲಿ ಡೆಬಿಯನ್ 12. ತೀರ್ಥಹಳ್ಳಿಯ ಗೆಳೆಯರ ಲ್ಯಾಪ್‌ಟಾಪಿನಲ್ಲಿ ಫೆಡೋರಾ. ಹೊಸನಗರದಲ್ಲಿರುವ ಚಿಕ್ಕಪ್ಪನ ಮಗ ಆರ್ಚ್ ಬಿಟ್ಟು ಬೇರೆ ಮುಟ್ಟುವವನಲ್ಲ. ಹಾಗಾಗಿ ಮೂರಕ್ಕೂ ಪ್ಯಾಕೇಜು, ಅಂದರೆ ಇನ್‌ಸ್ಟಾಲ್ ಮಾಡೋಕೆ ಬರುವ ಗಂಟು, ಕಟ್ಟಿದೆ. ಮೂಲ ಕೋಡಿರುವ ಸೋರ್ಸ್ ಪ್ಯಾಕೇಜು, ಕಂಪೈಲ್ ಆಗಿ ಓಡೋಕೆ ಸಿದ್ಧವಿರುವ ಬೈನರಿ ಪ್ಯಾಕೇಜು ಎರಡೂ. ಮಳೆಗಾಲದಲ್ಲಿ ಬೇರೆ ಕೆಲಸ ಏನಿರುತ್ತದೆ ಹೇಳಿ.

ಬೇಗ ಕೈಗೆ ಹತ್ತುವುದು ಆರ್ಚ್, ಅದರಲ್ಲಿ ಎರಡು ಮಾತಿಲ್ಲ. ಪಿಕೆಜಿಬಿಲ್ಡ್ ಎಂಬ ಒಂದೇ ಕಡತ. ಒಳಗಿರುವುದು ನಮಗೆ ಗೊತ್ತಿರುವ ಬ್ಯಾಶ್ ಸ್ಕ್ರಿಪ್ಟೇ. ಹೆಸರು, ಆವೃತ್ತಿ, ಸೋರ್ಸ್ ಎಲ್ಲಿ ಸಿಗುತ್ತದೆ, ಅದು ಕೆಟ್ಟಿಲ್ಲವೆಂದು ಪರೀಕ್ಷಿಸುವ ಚೆಕ್‌ಸಮ್, ಆಮೇಲೆ ಬಿಲ್ಡ್ ಮತ್ತು ಪ್ಯಾಕೇಜ್ ಎಂಬ ಎರಡು ಫಂಕ್ಷನ್. ‘ಮೇಕ್‌ಪಿಕೆಜಿ -ಎಸ್‌ಐ’ ಅಂದರೆ ಕಟ್ಟಿ, ಇನ್‌ಸ್ಟಾಲೂ ಮಾಡಿಬಿಡುತ್ತದೆ. ರೂಟ್ ಆಗಿ, ಅಂದರೆ ಪೂರ್ಣ ಅಧಿಕಾರದ ಬಳಕೆದಾರರಾಗಿ ಓಡಿಸೋಕೆ ಹೋದರೆ ಮಾತ್ರ ಒಪ್ಪುವುದಿಲ್ಲ, ಒಳ್ಳೆಯದೇ. ಚಹಾ ಆರುವ ಮೊದಲು ಮೊದಲ ಪ್ಯಾಕೇಜು ಎದ್ದು ನಿಲ್ಲುತ್ತದೆ.

ಡೆಬಿಯನ್‌ನಲ್ಲಿ ಹಾಗಲ್ಲ. ‘ಡೆಬಿಯನ್’ ಎಂಬ ಫೋಲ್ಡರ್, ಅದರೊಳಗೆ ಕಂಟ್ರೋಲ್, ರೂಲ್ಸ್, ಚೇಂಜ್‌ಲಾಗ್, ಕಾಪಿರೈಟ್ ಹೀಗೆ ಬೇರೆ ಬೇರೆ ಕಡತ. ಒಂದೊಂದಕ್ಕೂ ಅದರದೇ ಶಿಸ್ತು. ಚೇಂಜ್‌ಲಾಗ್‌ನಲ್ಲಿ ಇಮೇಲ್ ಆದಮೇಲೆ, ತಾರೀಖಿಗೆ ಮೊದಲು ಎರಡು ಸ್ಪೇಸ್ ಇರಲೇಬೇಕು. ರೂಲ್ಸ್ ಈಗ ಡೆಬ್‌ಹೆಲ್ಪರ್ ಎಂಬ ಸಹಾಯಕ ಪ್ರೋಗ್ರಾಮಿನ ದಯೆಯಿಂದ ಮೂರೇ ಸಾಲು. ಆದರೆ ಅದೊಂದು ಮೇಕ್‌ಫೈಲ್ (ಮೇಕ್ ಎಂಬ ಪ್ರೋಗ್ರಾಮಿಗೆ ಕಟ್ಟುವ ಸೂಚನೆ), ಮೂರನೇ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ಎಡಿಟರ್ ಟ್ಯಾಬನ್ನು ಸದ್ದಿಲ್ಲದೆ ಸ್ಪೇಸ್ ಮಾಡಿಟ್ಟರೆ ‘ಮಿಸ್ಸಿಂಗ್ ಸೆಪರೇಟರ್’ ಅಂತ ಬೈಸಿಕೊಳ್ಳಬೇಕು. ಮೂಲ ಸೋರ್ಸ್‌ನ ಕಡತದ ಹೆಸರಿನಲ್ಲಿ ಆವೃತ್ತಿಗೆ ಮೊದಲು ಅಂಡರ್‌ಸ್ಕೋರ್ ಬೇಕು, ಹೈಫನ್ ಹಾಕಿದರೆ ‘ಒರಿಜ್ ಟಾರ್ (ಮೂಲ ಸೋರ್ಸಿನ ಗಂಟು) ಸಿಕ್ಕಲಿಲ್ಲ’ ಅನ್ನುತ್ತದೆ. ಹೊಸಬರಿಗೆ ಮಂಡೆಬಿಸಿಯೇ.

ಓದೋಕೆ ಚೆಂದ ಅನ್ನಿಸಿದ್ದು ಫೆಡೋರಾದ ಸ್ಪೆಕ್ ಕಡತ. ಒಂದೇ ಕಡತದಲ್ಲಿ ಮೇಲಿಂದ ಕೆಳಗೆ ಕತೆ ಸಾಗುತ್ತದೆ: ಪ್ರೆಪ್, ಬಿಲ್ಡ್, ಇನ್‌ಸ್ಟಾಲ್, ಫೈಲ್ಸ್, ಚೇಂಜ್‌ಲಾಗ್. ಆದರೆ ಫೈಲ್ಸ್ ಭಾಗದಲ್ಲಿ ಅದು ಬಲು ಕಟ್ಟುನಿಟ್ಟು. ಇನ್‌ಸ್ಟಾಲ್ ಆದ ಪ್ರತಿಯೊಂದು ಕಡತವೂ ಪಟ್ಟಿಯಲ್ಲಿ ಇರಬೇಕು. ಒಂದು ಬಿಟ್ಟರೂ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಪ್ರೋಗ್ರಾಮಿನ ಕೈಪಿಡಿಯಾದ ಮ್ಯಾನ್ ಪುಟದ ಕತೆ ಕೇಳಿ. ಕಡತದ ಕೊನೆ ‘.1’, ಪಟ್ಟಿಯಲ್ಲೂ ಹಾಗೇ ಬರೆದರೆ ‘ಅಂಥ ಕಡತವೇ ಇಲ್ಲ’ ಅನ್ನುತ್ತದೆ. ಏಕೆಂದರೆ ನಡುವೆ ಫೆಡೋರಾದ ಪ್ಯಾಕೇಜು ಕಟ್ಟುವ ಆರ್‌ಪಿಎಂ ತಾನೇ ಅದನ್ನು ಜಿಜಿಪ್‌ನಿಂದ ಕುಗ್ಗಿಸಿ ‘.1.ಜಿಜೆಡ್’ ಮಾಡಿರುತ್ತದೆ. ‘.1’ ಆದಮೇಲೆ ಒಂದು ನಕ್ಷತ್ರ ಹಾಕಿದರೆ ಮುಗಿಯಿತು. ಡೆಬಿಯನ್, ಆರ್ಚ್ ಕೂಡ ಮ್ಯಾನ್ ಪುಟವನ್ನು ಕುಗ್ಗಿಸುತ್ತವೆ, ಆದರೆ ಅಲ್ಲಿ ಪಟ್ಟಿ ಕೇಳುವವರಿಲ್ಲ. ಚೇಂಜ್‌ಲಾಗ್‌ನಲ್ಲಿ ತಾರೀಖಿಗೂ ವಾರಕ್ಕೂ ತಾಳೆ ಆಗದಿದ್ದರೆ ‘ಬೋಗಸ್ ಡೇಟ್’ ಅಂತ ಎಚ್ಚರಿಕೆಯೂ ಬರುತ್ತದೆ. ಪಂಚಾಂಗ ನೋಡಿ ಬರೆಯುವುದು ಲೇಸು.

ಇಷ್ಟು ಬರೆಯುವ ಸುಖದುಃಖ. ನಿಜವಾದ ವ್ಯತ್ಯಾಸ ಇರುವುದು ಕಟ್ಟಿದ್ದನ್ನು ಬೇರೆಯವರ ಕೈಗೆ ಕೊಟ್ಟಮೇಲೆ.

ಐಸಿಯು ಪ್ರತಿ ದೊಡ್ಡ ಆವೃತ್ತಿಗೂ ತನ್ನ ಲೈಬ್ರರಿಯ ನಂಬರು ಬದಲಿಸುತ್ತದೆ. ಡೆಬಿಯನ್ 12ರಲ್ಲಿ ಅದು 72, 2025ರಲ್ಲಿ ಬಂದ ಡೆಬಿಯನ್ 13ರಲ್ಲಿ 76. ಬೈನರಿ ಪ್ಯಾಕೇಜು ಕಟ್ಟಿದಾಗ ಯಾವ ನಂಬರು ಇತ್ತೋ ಅದಕ್ಕೇ ಅಂಟಿಕೊಂಡಿರುತ್ತದೆ. ಇದನ್ನು ಮೂರೂ ಹೇಗೆ ನಿಭಾಯಿಸುತ್ತವೆ ನೋಡಿ. ಡೆಬಿಯನ್ ಬೈನರಿಯ ಒಳಹೊಕ್ಕು ‘ಲಿಬ್‌ಐಸಿಯು72 ಬೇಕು’ ಅಂತ ತಾನೇ ಬರೆದುಕೊಳ್ಳುತ್ತದೆ. 13ಕ್ಕೆ ಅಪ್‌ಗ್ರೇಡ್ ಮಾಡಿದರೂ ಹಳೇ ಲೈಬ್ರರಿ ಹೊಸದರ ಪಕ್ಕದಲ್ಲೇ ಉಳಿದಿರುತ್ತದೆ, ಪ್ರೋಗ್ರಾಂ ನಡೆಯುತ್ತದೆ. ಹೊಸದಾಗಿ 13 ಹಾಕಿದ ಯಂತ್ರದಲ್ಲಾದರೆ ಇನ್‌ಸ್ಟಾಲ್ ಮಾಡುವಾಗಲೇ ಬೇಡ ಅನ್ನುತ್ತದೆ. ಫೆಡೋರಾದ ಆರ್‌ಪಿಎಂ ಕೂಡ ಲೈಬ್ರರಿಯ ಹೆಸರು, ನಂಬರು ತಾನೇ ಗುರುತು ಹಾಕಿಕೊಳ್ಳುತ್ತದೆ, ಹೊಂದದ ಅಪ್‌ಡೇಟ್‌ಗೆ ತಕರಾರು ತೆಗೆಯುತ್ತದೆ. ಆರ್ಚ್‌ನಲ್ಲಿ ಬೇಕಾದ್ದರ ಪಟ್ಟಿ ನಾವೇ ಬರೆಯಬೇಕು. ಎಲ್ಲರ ಹಾಗೆ ‘ಐಸಿಯು’ ಅಂತ ಬರೆದರೆ ಯಾವ ನಂಬರಿನದ್ದು ಬಂದರೂ ಸರಿ ಅಂದ ಹಾಗಾಯಿತು. ಆರ್ಚ್‌ನ ಇನ್‌ಸ್ಟಾಲ್ ಪ್ರೋಗ್ರಾಂ ಪ್ಯಾಕ್‌ಮನ್ ಹೊಸದನ್ನು ತಂದು ಹಾಕುತ್ತದೆ. ಬೆಳಿಗ್ಗೆ ಹೊಸನಗರದ ತಮ್ಮನ ಫೋನು:

“ಅಣ್ಣಾ, ಅಪ್‌ಡೇಟ್ ಮಾಡ್ದೆ, ಈಗ ನಿನ್ನ ಪ್ರೋಗ್ರಾಮೇ ಏಳ್ತಿಲ್ಲ ಮಾರಾಯ.”

ಅವನಿಗೆ ಮತ್ತೊಮ್ಮೆ ಮೇಕ್‌ಪಿಕೆಜಿ ಓಡಿಸಿದರೆ ಸಾಕು, ಅದು ಅವನಿಗೂ ಗೊತ್ತು. ಸುಮ್ನೆ ನನ್ನ ಕಾಲೆಳೆಯೋಕೆ ಫೋನು. ಆದರೆ ಮಂಡಿಯ ಗುಮಾಸ್ತರಿಗೆ ‘ಮತ್ತೆ ಕಂಪೈಲ್ ಮಾಡ್ಕೊಳಿ’ ಅನ್ನೋಕಾಗುತ್ತದಾ?

ಅದಕ್ಕೇ ಸೋರ್ಸ್ ಪ್ಯಾಕೇಜಿಗೆ ಬೆಲೆ. ಡೆಬಿಯನ್‌ನಲ್ಲಿ ಅದು ಮೂರು ಕಡತ: ವಿವರ ಬರೆದ ಡಿಎಸ್‌ಸಿ, ಮೂಲ ಸೋರ್ಸಿನ ಟಾರ್, ನಮ್ಮ ಡೆಬಿಯನ್ ಫೋಲ್ಡರಿನ ಟಾರ್. ಫೆಡೋರಾದಲ್ಲಿ ಎಲ್ಲ ಸೇರಿ ಒಂದೇ ಎಸ್‌ಆರ್‌ಸಿ ಆರ್‌ಪಿಎಂ, ಸಾಗಿಸೋಕೆ ಇದೇ ಸಲೀಸು. ಎರಡರಲ್ಲೂ ಸೋರ್ಸ್ ಒಳಗೇ ಇರುತ್ತದೆ. ಆರ್ಚ್‌ನವರು ಸಾಮಾನ್ಯವಾಗಿ ಹಂಚುವುದು ಬರೀ ಸಾಮಾನಿನ ಚೀಟಿ, ಸಾಮಾನು ಅಂಗಡಿಯಲ್ಲೇ ಇರುತ್ತದೆ. ಅಂದರೆ ಪಿಕೆಜಿಬಿಲ್ಡ್‌ನಲ್ಲಿ ವಿಳಾಸ ಮಾತ್ರ, ಕಟ್ಟುವಾಗ ನೆಟ್ ಬೇಕು. ಆಷಾಢದಲ್ಲಿ ಮರ ಬಿದ್ದು ಕೇಬಲ್ ಹರಿದರೆ ಹೊಸನಗರದ ಕಡೆ ನೆಟ್ ಬರುವುದು ಯಾವಾಗ ಅಂತ ಹೇಳೋಕಾಗಲ್ಲ, ಅಲ್ವಾ? ‘ಮೇಕ್‌ಪಿಕೆಜಿ --ಆಲ್‌ಸೋರ್ಸ್’ ಕೊಟ್ಟರೆ ಸೋರ್ಸ್ ಸಮೇತ ಟಾರ್ ಸಿಗುತ್ತದೆ. ತಮ್ಮನಿಗೆ ಪೆನ್‌ಡ್ರೈವ್‌ನಲ್ಲಿ ಹೋಗುವುದು ಅದೇ.

ಇನ್ನು ಕಟ್ಟುವ ಜಾಗ. ನಮ್ಮ ಯಂತ್ರದಲ್ಲಿ ನೂರೆಂಟು ಲೈಬ್ರರಿ ಮೊದಲೇ ಇರುತ್ತವೆ. ಬಿಲ್ಡ್‌ಗೆ ಬೇಕಾದ್ದನ್ನು ಪಟ್ಟಿಯಲ್ಲಿ ಬರೆಯದಿದ್ದರೂ ಪ್ಯಾಕೇಜು ಕಟ್ಟಿಕೊಳ್ಳುತ್ತದೆ, ಬೇರೆ ಕಡೆ ‘ಎಸ್‌ಕ್ಯೂಲೈಟ್3.ಎಚ್ ಇಲ್ಲ’ ಅಂತ ನಿಲ್ಲುತ್ತದೆ. ಹೆಸರುಗಳೂ ಒಂದೇ ಅಲ್ಲ. ಕಂಪೈಲ್ ಮಾಡೋಕೆ ಬೇಕಾದ ಆ ಹೆಡರ್ ಕಡತಕ್ಕೆ ಡೆಬಿಯನ್‌ನಲ್ಲಿ ಲಿಬ್‌ಎಸ್‌ಕ್ಯೂಲೈಟ್3-ಡೆವ್, ಫೆಡೋರಾದಲ್ಲಿ ಎಸ್‌ಕ್ಯೂಲೈಟ್-ಡೆವೆಲ್. ಆರ್ಚ್‌ನಲ್ಲಿ ಬೇರೆ ಪ್ಯಾಕೇಜೇ ಇಲ್ಲ, ಎಸ್‌ಕ್ಯೂಲೈಟ್ ಹಾಕಿದರೆ ಹೆಡರೂ ಬರುತ್ತದೆ. ಆದ್ದರಿಂದ ಖಾಲಿ ಕ್ರೂಟ್‌ನಲ್ಲಿ, ಅಂದರೆ ಬೇಕಾದಷ್ಟೇ ಇರುವ ಪ್ರತ್ಯೇಕ ಪುಟ್ಟ ಸಿಸ್ಟಮ್ಮಿನಲ್ಲಿ ಕಟ್ಟಬೇಕು. ಡೆಬಿಯನ್‌ಗೆ ಎಸ್‌ಬಿಲ್ಡ್, ಫೆಡೋರಾಕ್ಕೆ ಮಾಕ್. ಈ ವಿಷಯದಲ್ಲಿ ಮಾಕ್‌ಗೇ ನನ್ನ ಓಟು. ಯಾವ ಫೆಡೋರಾ ಬೇಕು ಅಂತ ಹೆಸರು ಕೊಟ್ಟರೆ ಮಿಕ್ಕಿದ್ದನ್ನು ತಾನೇ ನೋಡಿಕೊಳ್ಳುತ್ತದೆ. ಆರು ತಿಂಗಳಿಗೊಂದು ಆವೃತ್ತಿ ಬಿಡುವವರಿಗೆ ಇಂಥದ್ದು ಬೇಕೇ ಬೇಕು. ಮೊದಲ ಸಲ ನೂರಾರು ಎಂಬಿ ಎಳೆಯುತ್ತದೆ, ಮೊಬೈಲ್ ಡೇಟಾದಲ್ಲಿ ಕೂತವರು ಹುಷಾರು. ಎಸ್‌ಬಿಲ್ಡ್ ಸಿದ್ಧ ಮಾಡೋಕೆ ತುಸು ರಗಳೆ. ಆದರೆ ನನಗೆ ಬೇಕಿದ್ದ ಒಂದು ಕೆಲಸ ಅದರಿಂದಲೇ ಆಯಿತು: ನನ್ನ 64 ಬಿಟ್ ಲ್ಯಾಪ್‌ಟಾಪಿನಲ್ಲೇ ಡೆಬಿಯನ್ 12ರ ಐ386 (32 ಬಿಟ್) ಕ್ರೂಟ್ ಇಟ್ಟು, ಮಂಡಿಯ ಹಳೇ ಡೆಸ್ಕ್‌ಟಾಪಿಗೆ 32 ಬಿಟ್ ಪ್ಯಾಕೇಜು.

ಆ ಡೆಸ್ಕ್‌ಟಾಪಿಗೆ ಬೇರೆ ದಾರಿಯೂ ಇಲ್ಲ. ಆರ್ಚ್ 32 ಬಿಟ್ ಬಿಟ್ಟಿದ್ದು 2017ರಲ್ಲಿ, ಫೆಡೋರಾ 2019ರಲ್ಲಿ. ಡೆಬಿಯನ್ 13ರಲ್ಲೂ 32 ಬಿಟ್ ಪಿಸಿಗೆ ಕರ್ನಲ್ ಇಲ್ಲ, ಇನ್‌ಸ್ಟಾಲರ್ ಇಲ್ಲ. 12 ಇರುವಷ್ಟು ದಿನ ನಡೆಯಲಿ ಅಂತ ಬಿಟ್ಟಿದ್ದೇವೆ. ಡೆಬ್ ಕಡತ ಪೆನ್‌ಡ್ರೈವ್‌ನಲ್ಲಿ ಹೋಗುತ್ತದೆ. ಲಿಬ್‌ಐಸಿಯು72 ಅಲ್ಲಿ ಮೊದಲೇ ಇತ್ತು, ಲಿಬ್‌ಎಕ್ಸ್‌ಎಂಎಲ್2 ಎಂಬ ಇನ್ನೊಂದು ಲೈಬ್ರರಿಗೆ ಅದು ಬೇಕಾದ್ದರಿಂದ. ಹಾಗಾಗಿ ನೆಟ್ ಇಲ್ಲದೆಯೂ ಆಯಿತು.

ಪ್ಯಾಕೇಜಿನ ತಪ್ಪು ಹುಡುಕೋಕೆ ಡೆಬಿಯನ್‌ಗೆ ಲಿಂಟಿಯನ್, ಫೆಡೋರಾಕ್ಕೆ ಆರ್‌ಪಿಎಂಲಿಂಟ್, ಆರ್ಚ್‌ಗೆ ನ್ಯಾಮ್‌ಕ್ಯಾಪ್ ಇವೆ. ಲಿಂಟಿಯನ್ ಬಾಯಿ ಜಾಸ್ತಿ, ‘ಮೊದಲ ಅಪ್‌ಲೋಡ್ ಯಾವ ಬಗ್ಗನ್ನೂ ಮುಚ್ಚಿಲ್ಲ’ ಅಂತೆಲ್ಲ ಅನ್ನುತ್ತದೆ. ಡೆಬಿಯನ್‌ಗೇ ಸೇರಿಸುವ ಆಸೆ ಇಲ್ಲದವರು ಅದನ್ನು ಬಿಡಬಹುದು. ಮಿಕ್ಕಿದ್ದನ್ನು ಓದಿ, ಮೂರರಲ್ಲಿ ಹೆಚ್ಚು ಕಲಿಸುವುದು ಅದೇ.

ಸದ್ಯ ನಾನು ಮೊದಲು ಡೆಬಿಯನ್‌ಗೆ ಕಟ್ಟುತ್ತೇನೆ, ಅದರ ಕಂಟ್ರೋಲ್ ಕಡತ ಪಕ್ಕದಲ್ಲಿಟ್ಟುಕೊಂಡು ಸ್ಪೆಕ್ ತಿದ್ದುತ್ತೇನೆ. ಪಿಕೆಜಿಬಿಲ್ಡ್ ತಮ್ಮನ ಪಾಲಿಗೆ ಬಿಟ್ಟಿದ್ದೇನೆ. ಒಬ್ಬರಿಗೇ, ಸ್ವಂತಕ್ಕೆ ಅಂದರೆ ಆರ್ಚ್ ಸಾಕು.

ಯಾವುದಕ್ಕೆ ಕೈಹಾಕುವ ಮೊದಲೂ ನಿಮ್ಮ ಮೇಕ್‌ಫೈಲ್ ನೋಡಿಕೊಳ್ಳಿ. ಮೂರೂ ಪ್ರೋಗ್ರಾಮನ್ನು ಯಂತ್ರದ ನಿಜವಾದ ರೂಟ್ ಫೋಲ್ಡರಿಗೆ ಹಾಕುವುದಿಲ್ಲ, ಒಂದು ಸುಳ್ಳು ರೂಟ್ ಫೋಲ್ಡರಿಗೆ ಹಾಕಿ ಅಲ್ಲಿಂದ ಗಂಟು ಕಟ್ಟುತ್ತವೆ. ಅದಕ್ಕೆ ಡೆಸ್ಟ್‌ಡಿರ್ ಎಂಬ ವೇರಿಯಬಲ್ ಬೇಕು. ‘ಮೇಕ್ ಇನ್‌ಸ್ಟಾಲ್’ ಜೊತೆ ಡೆಸ್ಟ್‌ಡಿರ್‌ಗೆ ಟೆಂಪ್‌ನ ಒಂದು ಖಾಲಿ ಫೋಲ್ಡರ್ ಕೊಟ್ಟು ಓಡಿಸಿ, ಎಲ್ಲ ಕಡತವೂ ಅದರೊಳಗೇ ಬಿತ್ತಾ ನೋಡಿ. ‘ಪರ್ಮಿಷನ್ ಡಿನೈಡ್’ ಬಂದರೆ ಮೊದಲು ಅದನ್ನು ಸರಿಮಾಡಿ.