1,850 ರೂಪಾಯಿಯ ಗಿಣ್ಣು ಪುಡಿ

ಅರ್ಧ ಕೆಜಿ ಡಬ್ಬ, 1,850 ರೂಪಾಯಿ. ಅಂಗಡಿಯಲ್ಲಿ ಸಿಗುವುದಿಲ್ಲ, ಮನೆಗೇ ತಂದು ಮಾರುತ್ತಾರೆ. ಫೆಬ್ರವರಿಯಲ್ಲಿ ನಮ್ಮನೆಯವರಿಗೆ ಸಣ್ಣದಾಗಿ ಲಕ್ವ ಹೊಡೆದು ಎಡಗೈ ಸೋತಾಗ ಭಾವನ ಮಗ ತಂದಿಟ್ಟ. "ಇದ್ರಲ್ಲಿ ಗ್ರೋತ್ ಫ್ಯಾಕ್ಟರ್ ಐತೆ ಚಿಕ್ಕವ್ವ. ಆಕ್ಸಿಜನ್ ಕಮ್ಮಿಯಾದ್ರೂ ಮೆದುಳಿನ ಸೆಲ್ ಸಾಯಲ್ಲ" ಅಂದ. ಕಂಪನಿ ಹೆಸರು ಬರೆಯುವುದಿಲ್ಲ. ನಾಳೆ ಬೀಗರೂಟದಲ್ಲಿ ಅವನ ಎದುರು ಕೂರಬೇಕಲ್ಲ.

ಡಬ್ಬ ತಿರುಗಿಸಿ ಓದಿದೆ. ಕೊಲೊಸ್ಟ್ರಮ್ ಪುಡಿ. ಅಂದರೆ ಗಿಣ್ಣು! ಮಂಡ್ಯದಲ್ಲಿ ಪಕ್ಕದ ಮನೆ ಹಸು ಕರು ಹಾಕಿದರೆ ಚೊಂಬಿನಲ್ಲಿ ಬಿಟ್ಟಿ ಬರುತ್ತದೆ. ಬೆಲ್ಲ, ಏಲಕ್ಕಿ ಹಾಕಿ ಇಡ್ಲಿ ಪಾತ್ರೆಯಲ್ಲಿ ಬೇಯಿಸಿದರೆ ಮುಗಿಯಿತು.

ಪಿಯು ಕಾಲೇಜಿನಲ್ಲಿ 31 ವರ್ಷ ಬಯಾಲಜಿ ಪಾಠ ಮಾಡಿದವಳು ನಾನು, ಸುಮ್ನೆ ಬೈಯುವುದಿಲ್ಲ. ಗಿಣ್ಣಿನಲ್ಲಿ ಐಜಿಎಫ್-1 ಎಂಬ ಗ್ರೋತ್ ಫ್ಯಾಕ್ಟರ್, ಅಂದರೆ ಕೋಶ ಬೆಳೆಯಲು, ಬದುಕಲು ನೆರವಾಗುವ ಪ್ರೋಟೀನು, ಇರುವುದು ನಿಜ. ಆಕ್ಸಿಜನ್ ನಿಂತರೆ ಎಷ್ಟೋ ನರಕೋಶಗಳು ತಮ್ಮನ್ನೇ ಕೊಂದುಕೊಳ್ಳಲು ಶುರು ಮಾಡುತ್ತವೆ. ಈ ಪ್ರೋಟೀನು ಕೋಶದ ಮೈಮೇಲಿನ ರಿಸೆಪ್ಟರ್ ಎಂಬ ಸಂದೇಶ ಹಿಡಿಯುವ ಕೊಂಡಿಯ ಮೇಲೆ ಕೂತುಕೊಂಡು, ಒಳಗಿರುವ ಎಕೆಟಿ ಎಂಬ ಕಿಣ್ವವನ್ನು ಎಬ್ಬಿಸಿ, ಆ ಕೆಲಸಕ್ಕೆ ತಡೆ ಹಾಕುತ್ತದೆ. ಲ್ಯಾಬಿನ ತಟ್ಟೆಯಲ್ಲಿ, ಇಲಿಗಳಲ್ಲಿ ಇದನ್ನು ಕಂಡಿದ್ದಾರೆ. ಆದರೆ ಇಲಿಗೆ ಹಾಲಲ್ಲಿ ಕಲಸಿ ಕುಡಿಸಿದ್ದಲ್ಲ, ಎಷ್ಟೋ ಸಲ ಮೆದುಳಿಗೇ ಸೂಜಿ ಹಾಕಿದ್ದು. ಬಾಯಿಂದ ಹೋದದ್ದು ಹೆಚ್ಚುಪಾಲು ಬೇಳೆಸಾರಿನ ಹಾಗೇ ಜೀರ್ಣವಾಗುತ್ತದೆ. ಉಳಿದ ಚೂರಿಗೆ ರಕ್ತದಿಂದ ಮೆದುಳಿಗೆ ಹೋಗುವ ಬಾಗಿಲಲ್ಲಿ ಬಿಗಿ ಕಾವಲು.

ಸೂಜಿ ಹಾಕಿದರೂ ಮನುಷ್ಯರಲ್ಲಿ ಗೆಲುವು ಸುಲಭವಲ್ಲ. ಎರಿತ್ರೋಪೊಯಿಟಿನ್ ಅಂತ ಒಂದು ಹಾರ್ಮೋನ್ ಇದೆ, ಆಕ್ಸಿಜನ್ ಕಮ್ಮಿಯಾದರೆ ನಮ್ಮ ಕಿಡ್ನಿಯೇ ತಯಾರಿಸುತ್ತದೆ. ಇಲಿಗಳಲ್ಲಿ ಅದೂ ಮೆದುಳನ್ನು ಕಾಪಾಡಿತ್ತು. ಜರ್ಮನಿಯಲ್ಲಿ 522 ಸ್ಟ್ರೋಕ್ ರೋಗಿಗಳ ಮೇಲೆ ಪರೀಕ್ಷೆ ಮಾಡಿ 2009ರಲ್ಲಿ ಫಲಿತಾಂಶ ಹೇಳಿದರು. ಉಪಯೋಗ ಕಾಣಲಿಲ್ಲ. ಸಾವು ಆ ಔಷಧಿ ತಗೊಂಡವರಲ್ಲೇ ಜಾಸ್ತಿ.

ಡಬ್ಬದಲ್ಲಿ ಬರೆಯದ ಸಂಗತಿ ಇನ್ನೊಂದು. ರಕ್ತ ಹೆಪ್ಪುಗಟ್ಟಿ ಬಂದ ಸ್ಟ್ರೋಕಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಲಕ್ಷಣ ಶುರುವಾದ ಮೇಲೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ನಮ್ಮನೆಯವರು ಕೈಯಿಂದ ಕಾಫಿ ಲೋಟ ಜಾರಿದ್ದನ್ನು ವಾಯು ಅಂದುಕೊಂಡು, ಎಣ್ಣೆ ಹಚ್ಚಿಕೊಂಡು ಮಲಗಿಬಿಟ್ಟರು. ನಾನೂ ಹೂಂ ಅಂದೆ. ಬಯಾಲಜಿ ಮೇಡಂ!

ರುಚಿಗೆ ಎರಡು ಸ್ಟಾರ್, ಬೆಲೆಗೆ ಒಂದೂ ಇಲ್ಲ. ಸಕ್ಕರೆ ಬೆರೆಸಿದ್ದಾರೆ, ಶುಗರ್ ಇರುವವರು ನೋಡಿಕೊಳ್ಳಿ. ಪುಡಿ ಬೇರೆ ಗಂಟು ಕಟ್ಟುತ್ತದೆ, ಹತ್ತು ನಿಮಿಷ ಚಮಚ ತಿರುಗಿಸುತ್ತಲೇ ಇರಬೇಕು. ಆ ಕೆಲಸವನ್ನು ನಮ್ಮನೆಯವರ ಎಡಗೈಗೆ ಕೊಟ್ಟಿದ್ದೇನೆ. ಕುಡಿಯುವುದು ಮೊಮ್ಮಗ.