ಹ್ಯಾಲೊಜೆನ್, ಝೆನಾನ್ ಕಿಟ್, ಕಂಪನಿ ಝೆನಾನ್: ಒಂದೇ ಗೋಡೆಯ ಮುಂದೆ ಮೂರು ಬೆಳಕು

ಹೆಡ್‌ಲೈಟ್ ಪರೀಕ್ಷೆಗೆ ದೊಡ್ಡ ಉಪಕರಣವೇನೂ ಬೇಡ. ಖಾಲಿ ಗೋಡೆ, ಸಮತಟ್ಟು ಜಾಗ, ಒಂದು ಸೀಮೆಸುಣ್ಣ ಸಾಕು. ಕಾರನ್ನು ಗೋಡೆಯಿಂದ ಹತ್ತು ಮೀಟರ್ ದೂರ ನಿಲ್ಲಿಸಿ, ಡಿಮ್ ಹಾಕಿ, ಬೆಳಕು ಎಲ್ಲಿ ನಿಲ್ಲುತ್ತದೋ ಅಲ್ಲಿ ಗೆರೆ ಎಳೆಯುವುದು, ಅಷ್ಟೇ. ನಾನು ಮೂರು ಥರದ ಬೆಳಕಿಗೆ ಮೂರು ಗೆರೆ ಎಳೆಯಲು ಹೋದೆ. ಎಳೆಯಲಾಗಿದ್ದು ಎರಡೇ.

ಮೊದಲನೆಯದು ನನ್ನ ಹಳೇ ಕಾರಿನ ಹ್ಯಾಲೊಜೆನ್, ಎಚ್4 ಬಲ್ಬು. ಡಿಮ್‌ನಲ್ಲಿ 55 ವ್ಯಾಟ್, ಸುಮಾರು 1000 ಲುಮೆನ್ (ಬಲ್ಬು ಕೊಡುವ ಬೆಳಕಿನ ಅಳತೆ). ಟಂಗ್‌ಸ್ಟನ್ ತಂತಿ ಕಾದು ಬೆಳಗುತ್ತದೆ, ಹೊಸದೇನಿಲ್ಲ. ಬೆಳಕು ಹಳದಿ, ಸ್ವಲ್ಪ ಸಪ್ಪೆ. ಆದರೆ ಗೋಡೆ ಮೇಲೆ ಗೆರೆ ನೀಟಾಗಿ ಬಂತು. ಡಿಮ್ ತಂತಿಯ ಕೆಳಗೆ ಬಲ್ಬಿನೊಳಗೇ ಒಂದು ಪುಟ್ಟ ತಗಡಿನ ಬಟ್ಟಲು ಇರುತ್ತದೆ. ಮೇಲಕ್ಕೆ ಹಾರಬೇಕಾದ ಬೆಳಕನ್ನು ಅದು ತಡೆಯುತ್ತದೆ.

ಎರಡನೆಯದು ಅದೇ ಕಾರಿಗೆ ಹಾಕಿಸಿದ ಝೆನಾನ್ ಕಿಟ್. ಇದರಲ್ಲಿ ತಂತಿಯೇ ಇಲ್ಲ. ಬಟಾಣಿ ಗಾತ್ರದ ಕ್ವಾರ್ಟ್ಜ್ ಗುಳ್ಳೆಯೊಳಗೆ ಎರಡು ಎಲೆಕ್ಟ್ರೋಡ್, ನಡುವೆ ಸುಮಾರು 4 ಮಿಲಿಮೀಟರ್ ಜಾಗ. ಆ ಜಾಗದಲ್ಲಿ ಕಿಡಿ ಹಾರಿ, ಹಾರಿದ್ದು ಆರದೆ ನಿಲ್ಲಬೇಕು. ವೆಲ್ಡಿಂಗ್ ನೋಡಿದ್ದೀರಲ್ವಾ, ಅದೇ ಜಾತಿ. 12 ವೋಲ್ಟ್ ಬ್ಯಾಟರಿಗೆ ಈ ಕೆಲಸ ಆಗುವುದಿಲ್ಲ. ಹಾಗಾಗಿ ಬ್ಯಾಲಾಸ್ಟ್ ಅನ್ನುವ ಡಬ್ಬ ಒಂದು ಕ್ಷಣ 20,000 ವೋಲ್ಟ್‌ಗೂ ಮೇಲೆ ಕೊಟ್ಟು ಕಿಡಿ ಹೊತ್ತಿಸುತ್ತದೆ. ಆಮೇಲೆ ಸುಮಾರು 85 ವೋಲ್ಟ್‌ಗೆ ಇಳಿದು, 35 ವ್ಯಾಟ್‌ನಲ್ಲಿ ಅದನ್ನು ಉರಿಸುತ್ತಾ ಹೋಗುತ್ತದೆ.

ಇದು ಹೊತ್ತಿಕೊಳ್ಳುವುದನ್ನು ಗೋಡೆ ಮೇಲೆ ನೋಡುವುದೇ ಒಂದು ಮಜಾ. ಸ್ವಿಚ್ ಹಾಕಿದ ತಕ್ಷಣ ನೀಲಿ ಮಿಂಚು. ಅದು ಝೆನಾನ್ ಅನಿಲದ್ದು. ಒಳಗೆ ಬಿಸಿ ಏರಿದ ಹಾಗೆ ಸೋಡಿಯಂ, ಸ್ಕ್ಯಾಂಡಿಯಂ ಲವಣಗಳು ಆವಿಯಾಗುತ್ತವೆ. ಅಸಲಿ ಬೆಳಕು ಅವುಗಳದ್ದೇ. ನೀಲಿ ಹೋಗಿ ಬಿಳಿ ಬಂದು ಬಣ್ಣ ನೆಲೆಯಾಗಲು ಕೆಲವು ಸೆಕೆಂಡು ಬೇಕಾಯಿತು. ಕೊನೆಗೆ ಬಂದ ಬೆಳಕು ಹ್ಯಾಲೊಜೆನ್‌ಗಿಂತ ಎಷ್ಟೋ ಜಾಸ್ತಿ, ಕರೆಂಟ್ ಮಾತ್ರ ಕಡಿಮೆ.

ಮೊದಲ ರಾತ್ರಿ ಖುಷಿಯೋ ಖುಷಿ. ಎರಡನೇ ರಾತ್ರಿ ಎದುರಿಗೆ ಬಂದವರೆಲ್ಲ ನನಗೆ ಲೈಟ್ ಹೊಡೆಯತೊಡಗಿದರು. ನಾನು ಡಿಮ್‌ನಲ್ಲೇ ಇದ್ದೆ! ತಮ್ಮನನ್ನು ಎದುರಿಗೆ ಇನ್ನೊಂದು ಕಾರಿನಲ್ಲಿ ಕೂರಿಸಿದೆ. "ಅಣ್ಣಾ, ಆಫ್ ಮಾಡೋ, ಏನೂ ಕಾಣ್ತಿಲ್ಲ" ಅಂತ ಅಲ್ಲಿಂದಲೇ ಕೂಗಿದ. ಗೋಡೆ ಮೇಲೆ ಸೀಮೆಸುಣ್ಣ ಹಿಡಿದು ನಿಂತೆ, ಗೆರೆ ಎಳೆಯಲು ಅಂಚೇ ಇಲ್ಲ. ಬೆಳಕು ಬಕೆಟ್ ನೀರು ಎರಚಿದ ಹಾಗೆ ಸೂರಿನವರೆಗೂ ಚೆಲ್ಲಿತ್ತು.

ತಪ್ಪು ಬಲ್ಬಿನದ್ದಲ್ಲ, ಅದನ್ನು ಕೂರಿಸಿದ ಜಾಗದ್ದು. ನನ್ನ ಕಾರಿನ ರಿಫ್ಲೆಕ್ಟರ್, ಅಂದರೆ ಬಲ್ಬಿನ ಹಿಂದೆ ಬೆಳಕನ್ನು ಮುಂದಕ್ಕೆ ತಿರುಗಿಸುವ ಹೊಳಪಿನ ಬಟ್ಟಲು, ಮಾಡಿದ್ದು ಸಣ್ಣ ತಂತಿಯ ಲೆಕ್ಕದಲ್ಲಿ. ಕಿಡಿಯ ಆಕಾರ ಬೇರೆ, ಬಿಲ್ಲಿನ ಹಾಗೆ ಬಾಗಿರುತ್ತದೆ, ತುದಿಗಳ ಹತ್ತಿರ ಹೊಳಪು ಜಾಸ್ತಿ. ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಬೆಳಕು ದಾರಿ ಬಿಟ್ಟು ಎಲ್ಲೋ ಹೋಗುತ್ತದೆ. ಜೊತೆಗೆ ನಾನು ಆರಿಸಿದ್ದು 6000 ಕೆಲ್ವಿನ್, ಅಂದರೆ ನೀಲಿ ಛಾಯೆಯ ಬಿಳಿ ಬಣ್ಣ. ನೋಡಲು ಸ್ಟೈಲು, ಮಳೆಯಲ್ಲಿ ಒದ್ದೆ ಟಾರು ಕಾಣದೆ ಒದ್ದಾಡಿದೆ. ಬ್ರೈಟ್ ಹಾಕಿದರೆ ಒಳಗಿನ ಮ್ಯಾಗ್ನೆಟ್ ಬಲ್ಬನ್ನೇ ಟಕ್ ಅಂತ ಸರಿಸುತ್ತಿತ್ತು. ಕೆಲವು ದಿನಕ್ಕೆ ಒಂದು ಕಡೆ ಸಿಕ್ಕಿಹಾಕಿಕೊಂಡಿತು.

ಮೂರನೆಯದು ಸೆಕೆಂಡ್‌ಹ್ಯಾಂಡ್ ತೆಗೆದುಕೊಂಡ ಕಾರು, ಕಂಪನಿಯಿಂದಲೇ ಝೆನಾನ್ ಬಂದಿದ್ದು. ಡಿ2ಎಸ್ ಬಲ್ಬು, ಮುಂದೆ ಪ್ರೊಜೆಕ್ಟರ್ ಲೆನ್ಸ್. ಇದರ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗೆ ಇತ್ತು. ರಸ್ತೆ ಅಂಚಿನ ಕಡೆ ಮಾತ್ರ ಒಂದು ಮೆಟ್ಟಿಲು ಮೇಲೆ. ಒಳಗೊಂದು ಲೋಹದ ಪರದೆ ಬೆಳಕನ್ನು ಅಲ್ಲೇ ಕತ್ತರಿಸುತ್ತದೆ. ಬ್ರೈಟ್ ಹಾಕಿದರೆ ಪರದೆ ಕೆಳಗೆ ಬೀಳುತ್ತದೆ, ಬಲ್ಬು ಉರಿಯುತ್ತಲೇ ಇರುತ್ತದೆ. ಡಿಕ್ಕಿಯಲ್ಲಿ ನಾಲ್ಕು ಮೂಟೆ ಹೇರಿ ನೋಡಿದೆ. ಕಾರಿನ ಮೂತಿ ಮೇಲೆದ್ದಿತು, ಗೆರೆ ಮಾತ್ರ ತಾನಾಗಿ ಇಳಿದು ಮೊದಲಿನ ಜಾಗಕ್ಕೆ ಬಂತು. ಯುರೋಪಿನ ನಿಯಮದಲ್ಲಿ 2000 ಲುಮೆನ್ ದಾಟಿದ ಡಿಮ್‌ಗೆ ಈ ಆಟೋ ಲೆವೆಲಿಂಗ್, ಲೈಟ್ ತೊಳೆಯುವ ವಾಷರ್ ಎರಡೂ ಕಡ್ಡಾಯ ಮಾಡಿದ್ದು ಸುಮ್ನೆ ಅಲ್ಲ. ಝೆನಾನ್ ಮೊದಲು ಕಾರಿಗೆ ಬಂದಿದ್ದು 1991ರಲ್ಲಿ, ಬಿಎಂಡಬ್ಲ್ಯು 7 ಸರಣಿಯಲ್ಲಿ.

ಇದಕ್ಕೂ ತಲೆನೋವು ಇದೆ. ಹ್ಯಾಲೊಜೆನ್ ಹೋದರೆ ಪಟ್ ಅಂತ ಹೋಗುತ್ತದೆ, ತಂತಿ ತುಂಡು. ಝೆನಾನ್ ಸತಾಯಿಸಿ ಸಾಯುತ್ತದೆ. ನನ್ನ ಎಡಗಡೆ ಬಲ್ಬು ಗುಲಾಬಿ ಬಣ್ಣಕ್ಕೆ ತಿರುಗಿತು, ಆಮೇಲೆ ತಾನಾಗಿ ಆರಿ ಹತ್ತತೊಡಗಿತು. ಬಲ್ಬೋ ಬ್ಯಾಲಾಸ್ಟೋ ಗೊತ್ತಾಗಲು ಎರಡೂ ಬಲ್ಬು ಅದಲು ಬದಲು ಮಾಡಿ ನೋಡಿ. ತೊಂದರೆ ಬಲ್ಬಿನ ಜೊತೆ ಆ ಕಡೆ ಹೋದರೆ ಬಲ್ಬು, ಅಲ್ಲೇ ಉಳಿದರೆ ಬ್ಯಾಲಾಸ್ಟ್. ಲೈಟ್ ಆಫ್ ಮಾಡಿ, ಕೀ ತೆಗೆದು, ಬಲ್ಬು ಆರಿದ ಮೇಲೆ ಮಾತ್ರ ಕೈ ಹಾಕಿ. 20,000 ವೋಲ್ಟ್ ಅಂದೆನಲ್ಲ. ಕೊಳ್ಳುವಾಗ ಜೋಡಿಯನ್ನೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಒಂದು ಕಣ್ಣು ಒಂದು ಬಣ್ಣ.

ನನ್ನ ಮಟ್ಟಿಗೆ ಕಂಪನಿ ಝೆನಾನ್ ಮೊದಲು, ಹ್ಯಾಲೊಜೆನ್ ಎರಡನೆಯದು, ಕಿಟ್ ಪಟ್ಟಿಯಲ್ಲೇ ಇಲ್ಲ. ಕಿಟ್ ಬಿಚ್ಚಿ ಹಳೇ ಕಾರಿಗೆ ಎಚ್4 ಬಲ್ಬನ್ನೇ ವಾಪಸ್ ಹಾಕಿದೆ. ಹಾಕುವಾಗ ಕಣ್ಣಿಗೆ ಬಿತ್ತು, ಹೆಡ್‌ಲೈಟಿನ ಪ್ಲಾಸ್ಟಿಕ್ ಮುಖ ಬಿಸಿಲಿಗೆ ಹಳದಿಯಾಗಿ ಮಬ್ಬಾಗಿತ್ತು. ಒಂದು ಮಧ್ಯಾಹ್ನ ಕೂತು ವಾಟರ್ ಪೇಪರಿನಲ್ಲಿ (ನೀರು ಹಾಕಿ ಉಜ್ಜುವ ಮರಳುಕಾಗದ) ಉಜ್ಜಿ, ಪಾಲಿಶ್ ಹಾಕಿ, ಸಂಜೆ ಮತ್ತೆ ಗೋಡೆ ಮುಂದೆ ನಿಲ್ಲಿಸಿದೆ. ಗೆರೆ ಅದೇ ಜಾಗದಲ್ಲಿತ್ತು, ಅದರ ಕೆಳಗಿನ ಬೆಳಕು ಮಾತ್ರ ನಾನು ಕಿಟ್ ತರಲು ಹೊರಡುವ ಮುಂಚೆ ಇದ್ದದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು.