ಕಸ್ಟಮ್ ಗೇಮಿಂಗ್ ಲ್ಯಾಪ್‌ಟಾಪ್‌ಗೆ ದುಡ್ಡು ಕೊಡುವ ಮೊದಲು ಅಡಾಪ್ಟರ್ ಎಷ್ಟು ವ್ಯಾಟ್ ಅಂತ ಕೇಳಿ

ದುಬಾರಿ ಕಸ್ಟಮ್ ಗೇಮಿಂಗ್ ಲ್ಯಾಪ್‌ಟಾಪ್ ಮಾಡಿಸಿಕೊಳ್ಳುವ ಯೋಚನೆಯಲ್ಲಿದ್ದೀರಾ? ಪೂರ್ತಿ ಹಣ ಮೊದಲೇ ಕೇಳುವ, "ನಿಮಗೆ ಅಂತಲೇ ಕೈಯಾರೆ ಜೋಡಿಸಿ ಕೊಡ್ತೀವಿ" ಅನ್ನುವ ಮಾರಾಟಗಾರನ ಹತ್ತಿರ ಹೋಗುವ ಮುಂಚೆ ಇದನ್ನೊಮ್ಮೆ ಓದಿಬಿಡಿ. ನನಗೆ ಮಾರಿದವನ ಹೆಸರು ಹೇಳುತ್ತಿಲ್ಲ. ಹೆಸರು ಗೊತ್ತಾದರೆ ಅವನೊಬ್ಬನಿಂದ ತಪ್ಪಿಸಿಕೊಳ್ಳಬಹುದು, ಅಷ್ಟೇ. ಇದೇ ಆಟ ಆಡುವವರು ಬೇರೆಯವರೂ ಇದ್ದಾರೆ. ಆಟ ಹೇಗೆ ನಡೆಯುತ್ತದೆ ಅಂತ ಗೊತ್ತಿದ್ದರೆ ಉಪಯೋಗ ಜಾಸ್ತಿ.

ಡೆಸ್ಕ್‌ಟಾಪ್ ಆದರೆ ಕ್ಯಾಬಿನೆಟ್‌ನಿಂದ ಹಿಡಿದು ಫ್ಯಾನ್ ತನಕ ಎಲ್ಲವನ್ನೂ ಆರಿಸಬಹುದು. ಲ್ಯಾಪ್‌ಟಾಪ್‌ನಲ್ಲಿ ಹಾಗಿಲ್ಲ. ಈ ಸಣ್ಣ ಮಾರಾಟಗಾರರು ಬಾಡಿಯನ್ನಾಗಲಿ ಮದರ್‌ಬೋರ್ಡನ್ನಾಗಲಿ ತಾವೇ ಮಾಡುವುದಿಲ್ಲ. ತೈವಾನಿನ ಕ್ಲೆವೊ, ಚೀನಾದ ಟಾಂಗ್‌ಫಾಂಗ್ ಥರದ ಕಂಪನಿಗಳು ಲೋಗೊ ಇಲ್ಲದ ಲ್ಯಾಪ್‌ಟಾಪ್‌ಗಳನ್ನು ತಯಾರಿಸಿ ಸಗಟಿನಲ್ಲಿ ಮಾರುತ್ತವೆ. ಸ್ಕ್ರೀನ್, ಫ್ಯಾನ್, ಬೋರ್ಡು ಎಲ್ಲ ಅದರಲ್ಲೇ ಬರುತ್ತದೆ. ಈಗಿನವುಗಳಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಸಾಮಾನ್ಯವಾಗಿ ಬೋರ್ಡಿಗೇ ಬೆಸುಗೆಯಾಗಿರುತ್ತವೆ. ಮಾರಾಟಗಾರ ಹಾಕುವುದು ರ‍್ಯಾಮ್, ಎಸ್‌ಎಸ್‌ಡಿ, ವೈಫೈ ಕಾರ್ಡ್, ವಿಂಡೋಸ್, ಮುಚ್ಚಳದ ಮೇಲೆ ತನ್ನ ಲೋಗೊ. ಕೆಲವರು ಥರ್ಮಲ್ ಪೇಸ್ಟನ್ನು, ಅಂದರೆ ಚಿಪ್‌ನ ಬಿಸಿಯನ್ನು ಮೇಲಿನ ಹೀಟ್‌ಸಿಂಕ್ ಅನ್ನುವ ಲೋಹದ ಭಾಗಕ್ಕೆ ದಾಟಿಸುವ ಲೇಪವನ್ನು, ಬದಲಿಸಿ ಹಾಕುತ್ತಾರೆ.

ಇದರಲ್ಲಿ ಮೋಸ ಏನೂ ಇಲ್ಲ. ಚೆನ್ನಾಗಿ ಮಾಡುವವರೂ ಇದ್ದಾರೆ. ಒಳ್ಳೆಯ ಪೇಸ್ಟ್ ಹಾಕಿ, ಗಂಟೆಗಟ್ಟಲೆ ಓಡಿಸಿ ನೋಡಿ, ಆಮೇಲೆ ಬಯಾಸ್ (ಬೋರ್ಡಿನಲ್ಲೇ ಇದ್ದು ಯಂತ್ರವನ್ನು ಶುರುಮಾಡುವ ಸಾಫ್ಟ್‌ವೇರ್) ಅಪ್‌ಡೇಟ್ ಬಂದಾಗ ತಾವೇ ಕಳಿಸುತ್ತಾರೆ. ದೊಡ್ಡ ಬ್ರ್ಯಾಂಡಿಗಿಂತ ಜಾಸ್ತಿ ಹಣ ಕೊಡುವುದು ಆ ಕಾಳಜಿಗೇ ತಾನೇ? ಅದಿಲ್ಲದಿದ್ದರೆ ಉಳಿಯುವುದು ಬರೀ ಲೋಗೊ.

ನಾನು ಆರ್ಡರ್ ಮಾಡಿದ್ದು ಇಂಟೆಲ್ ಐ9-13980ಎಚ್‌ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 4090 ಲ್ಯಾಪ್‌ಟಾಪ್ ಗ್ರಾಫಿಕ್ಸ್ ಇರುವ ಮಾಡೆಲ್. 2023ರಲ್ಲಿ ಲ್ಯಾಪ್‌ಟಾಪ್‌ಗಳಲ್ಲಿ ಇದಕ್ಕಿಂತ ಮೇಲಿನ ಗ್ರಾಫಿಕ್ಸ್ ಇರಲಿಲ್ಲ. ಇಲ್ಲೊಂದು ಮಾತು, ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಲ್ಯಾಪ್‌ಟಾಪ್ 4090 ಮತ್ತು ಡೆಸ್ಕ್‌ಟಾಪ್ 4090 ಒಂದೇ ಚಿಪ್ ಅಲ್ಲ. ಡೆಸ್ಕ್‌ಟಾಪ್‌ನದ್ದರಲ್ಲಿ 16384 "ಕೂಡಾ" (CUDA) ಕೋರ್, ಅಂದರೆ ಲೆಕ್ಕ ಮಾಡುವ ಸಣ್ಣ ಘಟಕಗಳು, 24 ಜಿಬಿ ಮೆಮೊರಿ. ಲ್ಯಾಪ್‌ಟಾಪ್‌ನದ್ದರಲ್ಲಿ 9728 ಕೋರ್, 16 ಜಿಬಿ. ಅದು ಹೋಗಲಿ, ಲ್ಯಾಪ್‌ಟಾಪ್ 4090 ಅಂತ ಒಂದೇ ಹೆಸರಿನಲ್ಲಿ ಬರುವ ಚಿಪ್ ಕೂಡ ಎಲ್ಲ ಮಾಡೆಲ್‌ಗಳಲ್ಲಿ ಒಂದೇ ಥರ ಓಡುವುದಿಲ್ಲ. ಈ ಚಿಪ್‌ನ ಕಂಪನಿ ಎನ್‌ವಿಡಿಯಾ ಅದಕ್ಕೆ ಕೊಟ್ಟಿರುವ ಮಿತಿ 80 ವ್ಯಾಟ್‌ನಿಂದ 150 ವ್ಯಾಟ್. ಡೈನಾಮಿಕ್ ಬೂಸ್ಟ್, ಅಂದರೆ ಪ್ರೊಸೆಸರ್‌ಗೆ ಬೇಡದ ಪವರನ್ನು ಗ್ರಾಫಿಕ್ಸ್‌ಗೆ ಕೊಡುವ ವ್ಯವಸ್ಥೆ, ಸೇರಿದರೆ ಇನ್ನೊಂದು 25. ಎಷ್ಟು ವ್ಯಾಟ್ ಕೊಡಬೇಕು ಅಂತ ತೀರ್ಮಾನಿಸುವುದು ಲ್ಯಾಪ್‌ಟಾಪ್ ತಯಾರಿಸುವವರು. ತೆಳ್ಳಗಿನ ಬಾಡಿಗೆ ಕಡಿಮೆ, ದಪ್ಪ ಬಾಡಿಗೆ ಜಾಸ್ತಿ. ಅದಕ್ಕೇ ನಾನು ದಪ್ಪ ಬಾಡಿಯದ್ದನ್ನೇ ಆರಿಸಿಕೊಂಡಿದ್ದೆ. ಗ್ರಾಫಿಕ್ಸ್ 175 ವ್ಯಾಟ್, ಅಡಾಪ್ಟರ್ 330 ವ್ಯಾಟ್ ಅಂತ ಅವನ ಪುಟದಲ್ಲೂ ಇತ್ತು, ನನ್ನ ಆರ್ಡರ್ ಮೇಲ್‌ನಲ್ಲೂ ಇತ್ತು.

ಹಣ ಹೋದ ಮೇಲೆ ಶುರುವಾಯಿತು ಕಾಗಕ್ಕ ಗುಬ್ಬಕ್ಕನ ಕಥೆ. ಒಂದು ಸಲ ಸ್ಕ್ರೀನ್ ಸ್ಟಾಕ್ ಇಲ್ಲ. ಇನ್ನೊಂದು ಸಲ ಟೆಸ್ಟಿಂಗ್ ನಡೀತಿದೆ. ಆಮೇಲೆ ಕೊರಿಯರ್‌ನವರ ತಪ್ಪು. ದುಡ್ಡು ಕೊಡುವ ಮುಂಚೆ ಅರ್ಧರಾತ್ರಿಯಲ್ಲೂ ಚಾಟ್‌ನಲ್ಲಿ ಉತ್ತರ ಕೊಡುತ್ತಿದ್ದ ಮನುಷ್ಯ, ಕೊಟ್ಟ ಮೇಲೆ ನಾಪತ್ತೆ. ಫೋನ್ ಮಾಡಿದರೆ "ಸರ್, ಟೆಕ್ನಿಕಲ್ ಟೀಮ್‌ಗೆ ಹೇಳಿದ್ದೀನಿ, ಅವರೇ ಕಾಲ್ ಮಾಡ್ತಾರೆ" ಅನ್ನುವ ಒಂದೇ ಪಲ್ಲವಿ. ಆ ಟೀಮ್‌ನಿಂದ ಒಂದು ಕಾಲ್ ಬರಲಿಲ್ಲ. ತಡವಾಗುವುದು ದೊಡ್ಡ ವಿಷಯವಲ್ಲ ಅಂತ ಅನ್ನಿಸಬಹುದು. ಇಲ್ಲಿ ಅದೇ ದೊಡ್ಡ ವಿಷಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕೊನೆಗೂ ಪಾರ್ಸೆಲ್ ಬಂತು. ಪೆಟ್ಟಿಗೆ ಬಿಚ್ಚುವಾಗ ಲ್ಯಾಪ್‌ಟಾಪ್‌ಗಿಂತ ಮೊದಲು ಕೈಗೆ ಸಿಕ್ಕಿದ್ದು ಅಡಾಪ್ಟರ್. 330 ವ್ಯಾಟ್‌ನದ್ದು ಎತ್ತಿದರೆ ಇಟ್ಟಿಗೆ ಎತ್ತಿದ ಹಾಗಿರುತ್ತದೆ. ಇದು ಹಗುರ. ಹಿಂದೆ ತಿರುಗಿಸಿ ಲೇಬಲ್ ನೋಡಿದೆ: 19.5 ವೋಲ್ಟ್, 11.8 ಆಂಪಿಯರ್. ಎರಡನ್ನೂ ಗುಣಿಸಿದರೆ 230 ವ್ಯಾಟ್. 330ರದ್ದಾದರೆ ಅದೇ 19.5 ವೋಲ್ಟ್‌ಗೆ ಸುಮಾರು 16.9 ಆಂಪಿಯರ್ ಇರಬೇಕು. ಲೆಕ್ಕ ಸುಲಭ. ಗ್ರಾಫಿಕ್ಸ್‌ಗೆ 175, ಪ್ರೊಸೆಸರ್‌ಗೆ ಬೂಸ್ಟ್ ಇಲ್ಲದ ಅದರ ಬೇಸ್ ಪವರ್ 55 ಅಂತ ಹಿಡಿದರೂ ಅಲ್ಲಿಗೇ 230 ಮುಗಿಯಿತು. ಸ್ಕ್ರೀನು, ಫ್ಯಾನು, ಎಸ್‌ಎಸ್‌ಡಿ ಎಲ್ಲ ಎಲ್ಲಿಂದ ಓಡಬೇಕು? ಅಂದರೆ ಈ ಅಡಾಪ್ಟರ್ ಕೊಟ್ಟಿದ್ದಾರೆ ಅಂದಮೇಲೆ ಒಳಗಿರುವುದು 175 ವ್ಯಾಟ್‌ನದ್ದಲ್ಲ. ಲ್ಯಾಪ್‌ಟಾಪ್ ಆನ್ ಮಾಡುವ ಮೊದಲೇ ವಿಷಯ ಗೊತ್ತಾಗಿತ್ತು.

ಆನ್ ಮಾಡಿ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎನ್‌ವಿಡಿಯಾ-ಎಸ್‌ಎಂಐ ಓಡಿಸಿದೆ. ಇದು ಡ್ರೈವರ್ ಜೊತೆಗೇ ಬರುವ ಸಣ್ಣ ಪ್ರೋಗ್ರಾಂ, ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಅದರಲ್ಲಿ ಪವರ್ ವಿವರ ಕೇಳಿದರೆ ಮ್ಯಾಕ್ಸ್ ಪವರ್ ಲಿಮಿಟ್ ಅಂತ ಒಂದು ಸಾಲು ಬರುತ್ತದೆ. 115 ವ್ಯಾಟ್. ಸ್ಟಿಕ್ಕರ್ ನೋಡಿದರೆ 4090, ಡಿವೈಸ್ ಮ್ಯಾನೇಜರ್ ನೋಡಿದರೂ 4090. ವ್ಯಾಟ್ ಮಾತ್ರ ತೆಳ್ಳಗಿನ ಮಾಡೆಲ್‌ನದ್ದು. ತಡ ಮಾಡಿದ ಹೊತ್ತಿನಲ್ಲಿ ಬಾಡಿಯನ್ನೇ ಬದಲಾಯಿಸಿದ್ದರು. ಸ್ಕೇಲ್ ಇಟ್ಟು ಅಳೆದೆ. ಅವರ ಪುಟದಲ್ಲಿದ್ದ ದಪ್ಪಕ್ಕೂ ಇದಕ್ಕೂ ತಾಳೆ ಆಗಲಿಲ್ಲ.

ಇಷ್ಟೇ ಆಗಿದ್ದರೆ ಒಂಥರಾ. ಮುಂದಿನದ್ದು ಕೇಳಿ.

ಬಿಸಿ, ವ್ಯಾಟ್ ತೋರಿಸುವ ಎಚ್‌ಡಬ್ಲ್ಯುಇನ್ಫೋ ತೆರೆದಿಟ್ಟು, ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಸಿನಿಬೆಂಚ್ ಓಡಿಸಿದೆ. ಕೆಲವೇ ಸೆಕೆಂಡಿನಲ್ಲಿ 100 ಡಿಗ್ರಿ. ಇಲ್ಲಿ ಮಾರಾಟಗಾರನ ಪರವಾಗಿ ಒಂದು ಮಾತು ಹೇಳಬೇಕು. ಈ ಪ್ರೊಸೆಸರ್ 100 ಡಿಗ್ರಿ ಮುಟ್ಟುವುದೇ ದೋಷ ಅಲ್ಲ. ಇಂಟೆಲ್ ಇದಕ್ಕೆ ಇಟ್ಟಿರುವ ಮೇಲ್ಮಿತಿಯೇ ಅಷ್ಟು, ಅದನ್ನು ಮುಟ್ಟಿದಾಗ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ನೋಡಬೇಕಾದ್ದು ಬೇರೆ ಎರಡು. ಒಂದು, ಎಷ್ಟು ವ್ಯಾಟ್‌ಗೆ 100 ಮುಟ್ಟಿತು ಅನ್ನುವುದು. ಬೂಸ್ಟ್‌ನಲ್ಲಿ 157 ವ್ಯಾಟ್ ತನಕ ಹೋಗಬಹುದಾದ ಪ್ರೊಸೆಸರ್ ಇಲ್ಲಿ 70ಕ್ಕೇ ಸುಸ್ತಾಗಿತ್ತು. ಇನ್ನೊಂದು, ಕೋರ್‌ಗಳ ನಡುವಿನ ಅಂತರ. ಒಂದು ಪಿ-ಕೋರ್, ಅಂದರೆ ದೊಡ್ಡ ಕೋರ್, 100ರಲ್ಲಿದ್ದರೆ ಇನ್ನೊಂದು 78ರಲ್ಲಿ. ಒಂದೇ ಚಿಪ್‌ನ ಎರಡು ದೊಡ್ಡ ಕೋರ್‌ಗಳ ಮಧ್ಯೆ 20 ಡಿಗ್ರಿಗೂ ಮೀರಿ ವ್ಯತ್ಯಾಸ ಬಂದರೆ ಸಾಮಾನ್ಯವಾಗಿ ಎರಡೇ ಕಾರಣ. ಪೇಸ್ಟ್ ಸರಿಯಾಗಿ ಹರಡಿಲ್ಲ, ಇಲ್ಲವೇ ಹೀಟ್‌ಸಿಂಕ್ ಸಮವಾಗಿ ಕೂತಿಲ್ಲ. "ಕೈಯಾರೆ ಜೋಡಿಸಿ" ಅಂದರಲ್ಲ, ಅದು ಈ ಕೈ.

ಸುಮ್ನೆ ಒಂದು ಅನುಮಾನಕ್ಕೆ, ಡ್ರೈವ್‌ನ ಸ್ಥಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಎಸ್‌ಎಸ್‌ಡಿ ನೋಡಿದೆ. ಹೊಸ ಡ್ರೈವ್‌ನಲ್ಲಿ ಪವರ್ ಆನ್ ಅವರ್ಸ್, ಅಂದರೆ ಅದು ಓಡಿದ ಗಂಟೆಗಳು, ಬೆರಳೆಣಿಕೆಯಷ್ಟು ಇರಬೇಕು. ಟೆಸ್ಟಿಂಗ್ ಮಾಡಿದ್ದಾರೆ ಅಂದುಕೊಂಡರೂ ಒಂದೆರಡು ದಿನದ್ದು. ಇದರಲ್ಲಿ ಸಾವಿರ ಗಂಟೆ ದಾಟಿತ್ತು! ಯಾರೋ ತಿಂಗಳುಗಟ್ಟಲೆ ಬಳಸಿ ವಾಪಸ್ ಕೊಟ್ಟಿದ್ದನ್ನು ಒರೆಸಿ, ನನಗೆ ಹೊಸದು ಅಂತ ಹಾಕಿದ್ದರು. ಮುಚ್ಚಳದ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ನೀಟಾಗಿ ಅಂಟಿಸಿದ್ದರು.

ರ‍್ಯಾಮ್ ಸರಿ ಇತ್ತು, ಎರಡು ಸ್ಲಾಟ್‌ನಲ್ಲಿ ಎರಡು. ಸ್ಕ್ರೀನೂ ಚೆನ್ನಾಗಿತ್ತು. ಕೀಬೋರ್ಡ್ ಬಗ್ಗೆ ನನ್ನ ದೂರಿಲ್ಲ.

ಫೋಟೋ, ಸ್ಕ್ರೀನ್‌ಶಾಟ್ ಎಲ್ಲ ಸೇರಿಸಿ ಮೇಲ್ ಕಳಿಸಿದೆ. ಬಂದ ಉತ್ತರಗಳಿಗೆ ಒಂದು ಕ್ರಮ ಇತ್ತು. ಮೊದಲು, ಡ್ರೈವರ್ ಅಪ್‌ಡೇಟ್ ಮಾಡಿ. ಆಮೇಲೆ, ವಿಂಡೋಸ್ ಮತ್ತೆ ಹಾಕಿ. ಆಮೇಲೆ, ಕೂಲಿಂಗ್ ಪ್ಯಾಡ್ ತಗೊಳ್ಳಿ, ನಮ್ಮಲ್ಲೇ ಸಿಗುತ್ತೆ. ಅಡಾಪ್ಟರ್ ಬಗ್ಗೆ ಕೇಳಿದ್ದಕ್ಕೆ "ಮಾಡೆಲ್‌ಗೆ ತಕ್ಕ ಹಾಗೆ ಬದಲಾಗುತ್ತೆ ಸರ್" ಅನ್ನುವ ಹಾರಿಕೆ ಉತ್ತರ. ಎಸ್‌ಎಸ್‌ಡಿ ಬಗ್ಗೆ ಉತ್ತರವೇ ಇಲ್ಲ. ಇನ್ನೂ ಒತ್ತಾಯ ಮಾಡಿದಾಗ ಲಿಕ್ವಿಡ್ ಮೆಟಲ್ ಹಾಕಿಸಿಕೊಳ್ಳಿ, ಬಿಸಿ ಕಡಿಮೆ ಆಗುತ್ತೆ ಅಂದರು. ಅದಕ್ಕೆ ಬೇರೆ ಚಾರ್ಜ್. ತಾವು ಪೇಸ್ಟ್ ಕೆಡಿಸಿದ್ದನ್ನು ಸರಿಮಾಡಲು ನನ್ನ ಹತ್ತಿರವೇ ದುಡ್ಡು!

ಲಿಕ್ವಿಡ್ ಮೆಟಲ್ ಬಗ್ಗೆ ಗೊತ್ತಿರಲಿ. ಅದು ಗ್ಯಾಲಿಯಂ ಬೆರೆತ ಲೋಹ. ಶಾಖವನ್ನು ಪೇಸ್ಟ್‌ಗಿಂತ ಚೆನ್ನಾಗಿ ದಾಟಿಸುತ್ತದೆ, ನಿಜ. ಆದರೆ ಕರೆಂಟನ್ನೂ ದಾಟಿಸುತ್ತದೆ. ಅಲ್ಯೂಮಿನಿಯಂಗೆ ತಾಗಿದರೆ ಅದನ್ನು ತಿಂದುಹಾಕುತ್ತದೆ. ಸೋನಿ ತನ್ನ ಪಿಎಸ್5ನಲ್ಲಿ ಬಳಸಿದೆ, ಆದರೆ ಅದು ಸೋರದ ಹಾಗೆ ಸುತ್ತ ತಡೆ ಕಟ್ಟಿದೆ. ದಿನಾ ಬ್ಯಾಗಿನಲ್ಲಿ ಅಲ್ಲಾಡುವ ಲ್ಯಾಪ್‌ಟಾಪ್‌ಗೆ, ಸಾದಾ ಪೇಸ್ಟನ್ನೇ ಸಮವಾಗಿ ಹಚ್ಚಲು ಬಾರದ ಕೈಯಲ್ಲಿ ಇದನ್ನು ಹಾಕಿಸುವುದಾ? ಬೇಡ ಅಂದೆ. ನನಗೆ ಬೇಕಿದ್ದದ್ದು ಪಿಟಿಎಂ7950 ಅನ್ನುವ ಫೇಸ್ ಚೇಂಜ್ ಹಾಳೆ. ಹನಿವೆಲ್ ಕಂಪನಿಯದ್ದು, ಕರೆಂಟ್ ಹರಿಸುವುದಿಲ್ಲ, ಸುಮಾರು 45 ಡಿಗ್ರಿಗೆ ಮೆತ್ತಗಾಗಿ ಸಂದುಗಳನ್ನು ತುಂಬುತ್ತದೆ, ಪೇಸ್ಟಿನ ಹಾಗೆ ಬೇಗ ಪಕ್ಕಕ್ಕೆ ಸರಿದುಹೋಗುವುದಿಲ್ಲ. ನಾನೇ ತಂದು ಹಾಕಿಕೊಳ್ಳುತ್ತೇನೆ ಅಂದರೆ, ಸ್ಕ್ರೂ ಮೇಲಿನ ಸ್ಟಿಕ್ಕರ್ ಹರಿದರೆ ವಾರಂಟಿ ಹೋಯಿತು ಅಂತ ಹೆದರಿಸಿದರು. ಈ ಸ್ಟಿಕ್ಕರ್ ಬೆದರಿಕೆ ಎಲ್ಲ ಕಡೆ ನಡೆಯುವುದಿಲ್ಲ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2018ರಲ್ಲಿ ಇಂಥ ವಾರಂಟಿ ಷರತ್ತುಗಳ ವಿಚಾರಕ್ಕೆ ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತ್ತು. ನೀವಿರುವ ಕಡೆ ನಿಯಮ ಏನು ಅಂತ ಖರೀದಿಗೆ ಮೊದಲೇ ನೋಡಿಟ್ಟುಕೊಳ್ಳಿ.

ರಿಪೇರಿಗೆ ಅಂತ ಕಳಿಸಿದೆ, ಸಾಗಣೆ ಖರ್ಚು ನನ್ನದೇ. ಬಹಳ ಸತಾಯಿಸಿ ವಾಪಸ್ ಕಳಿಸಿದರು. ಜೊತೆಗೆ ಒಂದು ಹಾಳೆ, "ಎಲ್ಲ ಪರೀಕ್ಷೆ ಪಾಸ್" ಅಂತ. ನಾನು ಕಳಿಸುವ ಮುಂಚೆ ಹೀಟ್‌ಸಿಂಕಿನ ಒಂದು ಸ್ಕ್ರೂ ಕಾಣುವ ಹಾಗೆ ಫೋಟೋ ತೆಗೆದಿಟ್ಟಿದ್ದೆ. ಫ್ಯಾನ್ ಜಾಲರಿಯ ಸಂದಿನಿಂದ ಟಾರ್ಚ್ ಬಿಟ್ಟರೆ ಅದು ಕಾಣುತ್ತದೆ. ಅದರ ಮೇಲೆ ಕೂತಿದ್ದ ಧೂಳಿನ ಎಳೆ ಹಾಗೇ ಇತ್ತು. ಸ್ಕ್ರೂಡ್ರೈವರ್ ಮುಟ್ಟಿಸಿಯೇ ಇರಲಿಲ್ಲ. 100, 78, 115: ಅಂಕಿಗಳೂ ಹಾಗೇ ಇದ್ದವು.

ಬಾಡಿ ಮಾಡಿದ ಕಂಪನಿಯನ್ನೇ ಕೇಳೋಣ ಅಂದರೆ ಅದೂ ಆಗದ ಮಾತು. ಇಂಥ ಕಂಪನಿಗಳು ಸಾಮಾನ್ಯವಾಗಿ ಗ್ರಾಹಕರ ಜೊತೆ ನೇರವಾಗಿ ವ್ಯವಹಾರ ಮಾಡುವುದಿಲ್ಲ. ಬಯಾಸ್ ಆಗಲಿ, ಸ್ಪೇರ್ ಫ್ಯಾನ್ ಆಗಲಿ, ಬ್ಯಾಟರಿ ಆಗಲಿ, "ನಿಮಗೆ ಮಾರಿದವರನ್ನೇ ಕೇಳಿ" ಅನ್ನುತ್ತವೆ. ಹಾಗಾಗಿ ಮಾರಿದವನು ಮೊಬೈಲ್ ಸ್ವಿಚ್ ಆಫ್ ಮಾಡಿಕೊಂಡರೆ ನಿಮ್ಮ ದುಬಾರಿ ಯಂತ್ರಕ್ಕೆ ದಿಕ್ಕಿಲ್ಲ.

ಈಗ ಆ ತಡದ ವಿಷಯ. ಕ್ರೆಡಿಟ್ ಕಾರ್ಡ್‌ನಲ್ಲಿ ಕೊಟ್ಟ ಹಣಕ್ಕೆ ತಕರಾರು ಹಾಕಲು, ಅಂದರೆ ಚಾರ್ಜ್‌ಬ್ಯಾಕ್ ಕೇಳಲು, ಒಂದು ಗಡುವು ಇರುತ್ತದೆ. ಅದು ಮುಗಿಯುವ ತನಕ ಮೂಗಿಗೆ ತುಪ್ಪ ಸವರುತ್ತಾ ಇದ್ದರೆ ಮಾರಾಟಗಾರ ಗೆದ್ದ ಹಾಗೆ. ಸ್ಟಾಕ್ ಇಲ್ಲ, ಡ್ರೈವರ್ ಹಾಕಿ, ರಿಪೇರಿಗೆ ಕಳಿಸಿ, ಮತ್ತೊಮ್ಮೆ ಕಳಿಸಿ. ಒಂದೊಂದು ಸಲಕ್ಕೂ ವಾರಗಳು ಉರುಳುತ್ತವೆ. ಎರಡನೇ ಸಲ ರಿಪೇರಿಗೆ ಕಳಿಸಿ ಅಂದಾಗ ನಾನು ಕಳಿಸಲಿಲ್ಲ. ಕಾರ್ಡ್ ಕೊಟ್ಟ ಬ್ಯಾಂಕಿಗೆ ಬರೆದೆ. ಬಿಸಿ, ಪೇಸ್ಟ್, ಕೋರ್ ಅಂತ ಪುರಾಣ ಹೇಳಲಿಲ್ಲ. ಅದನ್ನು ಬ್ಯಾಂಕಿನವರು ಅಳೆಯುವುದಕ್ಕಾಗುವುದಿಲ್ಲ. ಆರ್ಡರ್ ಮೇಲ್‌ನಲ್ಲಿ 330 ವ್ಯಾಟ್ ಅಂತಿದೆ, ಬಂದ ಅಡಾಪ್ಟರ್‌ನ ಲೇಬಲ್‌ನಲ್ಲಿ 230 ಇದೆ. ಮೇಲ್‌ನಲ್ಲಿ 175, ಸ್ಕ್ರೀನ್‌ಶಾಟ್‌ನಲ್ಲಿ 115. ಕೇಳಿದ್ದು ಒಂದು, ಬಂದಿದ್ದು ಇನ್ನೊಂದು. ಇಷ್ಟೇ ಬರೆದೆ.

ಅಲ್ಲಿಯ ತನಕ ಫೋನ್ ಎತ್ತದವನು ತಾನೇ ಫೋನ್ ಮಾಡಿದ. ದನಿ ಪೂರ್ತಿ ಬೇರೆ. "ಸರ್, ಬ್ಯಾಂಕ್ ತನಕ ಯಾಕೆ ಹೋದ್ರಿ, ನಮಗೆ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ" ಅಂತ. ತಕರಾರು ವಾಪಸ್ ತಗೊಂಡರೆ ಅಡಾಪ್ಟರ್ ಬದಲಾಯಿಸಿ ಕೊಡುತ್ತಾನಂತೆ. 330 ವ್ಯಾಟ್ ಅಡಾಪ್ಟರ್ ಚುಚ್ಚಿದ ಮಾತ್ರಕ್ಕೆ 115 ವ್ಯಾಟ್ ಗ್ರಾಫಿಕ್ಸ್ 175 ಆಗುವುದಿಲ್ಲ, ಮಿತಿ ಇರುವುದು ವಿಬಯಾಸ್‌ನಲ್ಲಿ, ಅಂದರೆ ಗ್ರಾಫಿಕ್ಸ್ ಚಿಪ್‌ನದ್ದೇ ಬಯಾಸ್‌ನಲ್ಲಿ. ಹಾಗಾಗಿ ಒಪ್ಪಲಿಲ್ಲ. ಒಮ್ಮೆ ವಾಪಸ್ ತೆಗೆದುಕೊಂಡ ತಕರಾರನ್ನು ಮತ್ತೆ ಹಾಕಲು ಬ್ಯಾಂಕ್ ಬಿಡದೇ ಇರಬಹುದು. ಇಂಥ ಫೋನ್ ನಿಮಗೂ ಬಂದರೆ ಅದು ನೆನಪಿರಲಿ.

ಕೊನೆಗೆ ಲ್ಯಾಪ್‌ಟಾಪ್ ವಾಪಸ್ ಕೊಟ್ಟೆ, ಹಣ ಬಂತು. ಎರಡು ಸಲದ ಸಾಗಣೆ ಖರ್ಚು ಬರಲಿಲ್ಲ. ಬ್ಯಾಂಕ್ ವರ್ಗಾವಣೆಯಲ್ಲಿ ಕೊಟ್ಟರೆ ಸ್ವಲ್ಪ ಡಿಸ್ಕೌಂಟ್ ಕೊಡುತ್ತೇನೆ ಅಂತ ಮೊದಲು ಆಸೆ ತೋರಿಸಿದ್ದ. ಆ ಡಿಸ್ಕೌಂಟ್ ಯಾಕೆ ಅಂತ ಈಗ ಅರ್ಥವಾಗುತ್ತದೆ, ಅಲ್ವಾ?

ಇನ್ನು ನೀವು ಇಂಥ ಆರ್ಡರ್ ಮಾಡುವುದೇ ಆದರೆ, ಬಾಡಿಯ ಮೂಲ ಮಾಡೆಲ್ ನಂಬರ್ ಏನು, ಗ್ರಾಫಿಕ್ಸ್ ಎಷ್ಟು ವ್ಯಾಟ್, ಅಡಾಪ್ಟರ್ ಎಷ್ಟು ವ್ಯಾಟ್, ಎಸ್‌ಎಸ್‌ಡಿ ಯಾವ ಕಂಪನಿಯ ಯಾವ ಮಾಡೆಲ್ ಅಂತ ಬರಹದಲ್ಲಿ ತರಿಸಿಕೊಳ್ಳಿ. ಬರೀ "1 ಟಿಬಿ ಎನ್‌ವಿಎಂಇ" ಅಂತ ಬರೆದಿದ್ದರೆ ಗೋದಾಮಿನಲ್ಲಿ ಸಿಕ್ಕಿದ್ದನ್ನು ಹಾಕಿ ಕಳಿಸುತ್ತಾರೆ. ಬಯಾಸ್ ಫೈಲ್ ಎಲ್ಲಿ ಸಿಗುತ್ತದೆ ಅಂತಲೂ ಕೇಳಿ. ಇದನ್ನೆಲ್ಲ ಕೇಳಿದ್ದಕ್ಕೆ ಮುಖ ಗಂಟಿಕ್ಕಿಕೊಳ್ಳುವವನ ಹತ್ತಿರ ಆರ್ಡರ್ ಮಾಡಬೇಡಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿ, ಅಡಾಪ್ಟರ್ ಲೇಬಲ್ ಮತ್ತು ಸೀರಿಯಲ್ ನಂಬರ್ ಕಾಣುವ ಹಾಗೆ. ಯಾವ ಕಾರಣಕ್ಕೆ ವಾಪಸ್ ಕಳಿಸಿದರೂ ಎಸ್‌ಎಸ್‌ಡಿಯನ್ನು ಪೂರ್ತಿ ಅಳಿಸಿ ಕಳಿಸಿ.

ನಾನು ವಾಪಸ್ ಕೊಟ್ಟ ಲ್ಯಾಪ್‌ಟಾಪ್ ಈಗ ಅವನ ಗೋದಾಮಿನಲ್ಲಿದೆ. ಮೊದಲಿನವರ ಎಸ್‌ಎಸ್‌ಡಿ ನನಗೆ ಬಂದ ಹಾಗೆ, ಅದು ಯಾರಿಗೋ ಹೊಸದು ಅಂತ ಹೋಗುತ್ತದೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ನಿಮಗೆ ಬಂದ "ಹೊಸ" 4090ರಲ್ಲಿ ಪವರ್ ಆನ್ ಅವರ್ಸ್ ಸಾವಿರ ದಾಟಿದ್ದರೆ, ಮಾರಿದವನಿಗೆ ಫೋನ್ ಮಾಡಬೇಡಿ. ಮೊದಲು ಸ್ಕ್ರೀನ್‌ಶಾಟ್ ತೆಗೆದು ಬ್ಯಾಂಕಿಗೆ ಬರೆಯಿರಿ.